ಬಾಲಚಕ್ರ, ಅಡ್ಡಗಾಳಿ ಮತ್ತು ಬದಲಾದ ನೆಲ

ಮುನಿರಾಬಾದಿನಿಂದ ಹೊಸಪೇಟೆ ದಾಟಿ ಪೂರ್ವಕ್ಕೆ ಸಾಗಿದರೆ ಬಳ್ಳಾರಿ. ಭಾರತದ ವಿಮಾನಯಾನ ಚರಿತ್ರೆಯ ಮೊದಲ ಪುಟಗಳಲ್ಲೇ ಈ ಊರಿನ ಹೆಸರಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತ ಪುಸ್ ಮಾತ್ ವಿಮಾನವನ್ನು ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುವಿನಲ್ಲಿ ಇಳಿಸಿದರು. ಅಲ್ಲಿಂದ ಆ ಅಂಚೆಯನ್ನು ಬಳ್ಳಾರಿ ಮೇಲಿಂದ ಮದ್ರಾಸಿಗೆ ಮುಟ್ಟಿಸಿದವರು ನೆವಿಲ್ ವಿನ್ಸೆಂಟ್. ಆಗಿನ ಜುಹು ಬರೀ ಕೆಸರು ಬಯಲು. ಮಳೆಗಾಲದಲ್ಲಿ ಅಲ್ಲಿ ಇಳಿಯಲಾಗದೆ ಸೇವೆಯನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು.

ಅಂದಿನ ಸಣ್ಣ ವಿಮಾನಗಳು ಮುಂದೆ ಎರಡು ಚಕ್ರ, ಬಾಲದಡಿ ಒಂದು ಆಸರೆ ಊರಿ ಮೂಗೆತ್ತಿ ನಿಲ್ಲುತ್ತಿದ್ದವು. ಇಳಿಯುವಾಗ ಅವಕ್ಕೆ ಆಗುತ್ತಿದ್ದ ಅವಘಡಗಳನ್ನು ಪೈಲಟ್‌ನ ಕೈತಪ್ಪು ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ವಿಮಾನದ ರಚನೆ ಹಳೆಯದೇ ಉಳಿದು ಇಳಿಯುವ ನೆಲ ಬದಲಾದದ್ದೂ ಅಷ್ಟೇ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಮೊದಲು ರಚನೆಯ ಮಾತು. ಬಾಲದಡಿ ಇಂಥ ಆಸರೆ ಅಥವಾ ಚಿಕ್ಕ ಚಕ್ರವಿರುವ, ಅಂದರೆ ಬಾಲಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಮುಂಚಕ್ರಗಳ ಹಿಂದೆ ಬೀಳುತ್ತದೆ. ಹೇರು ತುಂಬಿದ ಚಕ್ಕಡಿಯನ್ನು ಮುಂದಿನಿಂದ ಎಳೆದರೆ ನೆಟ್ಟಗೆ ಬರುತ್ತದೆ. ಹಿಂದಿನಿಂದ ನೂಕಿದರೆ ಮೂಕಿ ಅತ್ತಿತ್ತ ಹೊರಳುತ್ತದೆ. ಇಲ್ಲಿಯೂ ಹಾಗೆಯೇ. ನೆಲ ಮುಟ್ಟಿದ ಮೇಲೆ ಮೂಗು ಸ್ವಲ್ಪ ವಾಲಿದರೂ ಹಿಂದಿನ ಭಾರ ಆ ವಾಲನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಬಾಲ ಮುಂದಕ್ಕೆ ಬೀಸಿ ಬಂದು ವಿಮಾನ ಗಿರ್ರನೆ ತಿರುಗುವುದಕ್ಕೆ ಪೈಲಟ್‌ಗಳು ‘ಗ್ರೌಂಡ್ ಲೂಪ್’ ಎನ್ನುತ್ತಾರೆ. ವೇಗ ಕಡಿಮೆ ಇರುವುದರಿಂದ ಇದರಲ್ಲಿ ಹೆಚ್ಚಾಗಿ ಜೀವ ಉಳಿಯುತ್ತದೆ; ರೆಕ್ಕೆಯ ತುದಿ, ಚಕ್ರದ ಕಾಲು, ಪ್ರೊಪೆಲರ್ ಮುರಿಯುತ್ತವೆ. ಬ್ರೇಕ್ ಜೋರಾಗಿ ಒತ್ತಿದರೆ ಮೂಗು ನೆಲಕ್ಕೆ ಬಡಿದು ಮಗುಚುವ ಅಪಾಯ ಬೇರೆ.

ಹುಲ್ಲುಬಯಲಿನ ಕಾಲದಲ್ಲಿ ಗಾಳಿ ಬಂದ ದಿಕ್ಕಿಗೇ ಮುಖ ಮಾಡಿ ಇಳಿಯಬಹುದಿತ್ತು. ಬಾಲದಡಿಯ ಆಸರೆ ಮಣ್ಣನ್ನು ಗೀರುತ್ತ ವಿಮಾನವನ್ನು ನೆಟ್ಟಗೆ ಹಿಡಿಯುತ್ತಿತ್ತು, ವೇಗವನ್ನೂ ತಗ್ಗಿಸುತ್ತಿತ್ತು. ಗಟ್ಟಿ ರನ್‌ವೇ ಬಂದಾಗ ಈ ಎರಡು ಅನುಕೂಲಗಳೂ ಹೋದವು. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೇ ಗೆರೆಯ ಮೇಲೆ ಇಳಿಯಬೇಕು. ಅಡ್ಡಗಾಳಿ ಬಾಲದ ನಿಂತ ಹಲಗೆಯನ್ನು ತಳ್ಳಿದಷ್ಟೂ ಮೂಗು ಗಾಳಿಯತ್ತ ತಿರುಗುತ್ತದೆ. ನುಣುಪು ಟಾರಿನಲ್ಲಿ ಅದನ್ನು ತಡೆಯಲು ಉಳಿದದ್ದು ಪೈಲಟ್‌ನ ಪಾದಗಳು ಮಾತ್ರ. ವಿಮಾನ ನಿಲ್ಲುವ ತನಕ, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗಳ ಮೇಲಿಂದ ಕಾಲು ಸಡಿಲಬಾರದು ಎಂದು ಬೋಧಕರು ಪದೇ ಪದೇ ಹೇಳುವುದು ಇದಕ್ಕಾಗಿಯೇ.

ಕರ್ನಾಟಕದ ಎರಡು ತಲೆಮಾರು ಈ ವಿದ್ಯೆಯನ್ನು ನಮ್ಮಲ್ಲೇ ತಯಾರಾದ ವಿಮಾನಗಳಲ್ಲಿ ಕಲಿತವು. ಡಾ. ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2, 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. ಕಲ್ಯಾಣ ಕರ್ನಾಟಕದ ಬೀದರ್‌ನಲ್ಲಿ ವಾಯುಪಡೆಯ ಎಷ್ಟೋ ಕೆಡೆಟ್‌ಗಳು ಮೊದಲು ಹತ್ತಿದ್ದು ಇದನ್ನೇ. ಫ್ಲೈಯಿಂಗ್ ಕ್ಲಬ್‌ಗಳಿಗೆಂದು 1958ರಲ್ಲಿ ‘ಪುಷ್ಪಕ್’ ಬಂತು. ಎರಡೂ ಬಾಲಚಕ್ರದವೇ. ಕಲಿಯುವವನ ಕಾಲು ಎಳಸಾಗಿದ್ದರೆ ಅದನ್ನು ಮೊದಲ ಇಳಿತದಲ್ಲೇ ಬಯಲಿಗೆಳೆಯುವ ನಿಷ್ಠುರ ಗುರುಗಳು ಅವು.

ಹೊರಗಿನ ಜಗತ್ತು ಅಷ್ಟರಲ್ಲಿ ದಾರಿ ಬದಲಿಸಿತ್ತು. ಸೆಸ್ನಾ ಕಂಪನಿ ತನ್ನ ಬಾಲಚಕ್ರದ 170ಕ್ಕೆ ಮೂಗುಚಕ್ರ ಜೋಡಿಸಿ 1956ರಲ್ಲಿ 172 ಮಾರುಕಟ್ಟೆಗೆ ಬಿಟ್ಟಿತು. ಭಾರದ ಕೇಂದ್ರ ಹಿಂಚಕ್ರಗಳ ಮುಂದಕ್ಕೆ ಬಂದದ್ದರಿಂದ ವಾಲಿದ ವಿಮಾನ ತಾನಾಗಿ ನೆಟ್ಟಗಾಗತೊಡಗಿತು. ನಮ್ಮ ವಾಯುಪಡೆಯಲ್ಲೂ ಎಚ್‌ಟಿ-2ರ ಜಾಗಕ್ಕೆ ಮೂಗುಚಕ್ರದ ಎಚ್‌ಪಿಟಿ-32 ‘ದೀಪಕ್’ ಬಂತು. ಆದರೂ ಉಬ್ಬುತಗ್ಗಿನ ನೆಲಕ್ಕೆ ಬಾಲಚಕ್ರವೇ ಒಗ್ಗುತ್ತದೆ. ಬೆಳೆಗೆ ಔಷಧಿ ಸಿಂಪಡಿಸಲೆಂದು 1970ರ ದಶಕದಲ್ಲಿ ಎಚ್‌ಎಎಲ್ ಕಟ್ಟಿದ ‘ಬಸಂತ್’ ಅದನ್ನೇ ಉಳಿಸಿಕೊಂಡಿತು.

ಕೈಬಿಟ್ಟ ವಿದ್ಯೆ ಮರೆತುಹೋಗುತ್ತದೆಂದು ಅಮೆರಿಕ ನಿಯಮವನ್ನೇ ಮಾಡಿತು: 1991ರ ಏಪ್ರಿಲ್ 15ಕ್ಕೆ ಮುನ್ನ ಬಾಲಚಕ್ರದ ವಿಮಾನ ನಡೆಸಿದ ದಾಖಲೆ ಇಲ್ಲದವರು ಪ್ರತ್ಯೇಕ ತರಬೇತಿ ಪಡೆದು ಬೋಧಕರ ಸಹಿ ಹಾಕಿಸಿಕೊಳ್ಳಲೇಬೇಕು.

ನಮ್ಮಲ್ಲೂ ಆ ಅನುಭವ ಮರೆಯಾಗಬಾರದೆಂದರೆ ಬೀದರ್‌ನ ಮತ್ತು ಬೆಂಗಳೂರಿನ ಜಕ್ಕೂರು ವಿಮಾನ ತರಬೇತಿ ಶಾಲೆಯ ಹಳೆಯ ಬೋಧಕರು, ಮೆಕ್ಯಾನಿಕ್‌ಗಳು ತಮ್ಮ ಲಾಗ್‌ಪುಸ್ತಕಗಳನ್ನು, ದುರಸ್ತಿ ಟಿಪ್ಪಣಿಗಳನ್ನು ರದ್ದಿಗೆ ಹಾಕದೆ ಗ್ರಂಥಾಲಯಗಳಿಗೆ ಕೊಡಬೇಕು. ಯಾವ ನೆಲದಲ್ಲಿ, ಯಾವ ಗಾಳಿಯಲ್ಲಿ ಯಾವ ರೆಕ್ಕೆ ಮುರಿಯಿತೆಂಬ ವಿವರ ಇರುವುದು ಅವುಗಳಲ್ಲೇ.