ಅಂಗಳ ಕೊಟ್ಟವರ ಮಾತು

2010ರ ಅಕ್ಟೋಬರ್ 3ರ ಸಂಜೆ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆ. ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಪ್ರೇಕ್ಷಕರು ಕೂಗು ಹಾಕಿ ತಮ್ಮ ಸಿಟ್ಟು ತೋರಿಸಿದರು. ಒಂಬತ್ತು ದಿನ ಕಳೆದು ಅದೇ ಅಂಗಳದಲ್ಲಿ ಮಹಿಳೆಯರ 4x400 ಮೀಟರ್ ರಿಲೇ ನಡೆಯಿತು. ಮಂಜೀತ್ ಕೌರ್, ಸಿನಿ ಜೋಸ್, ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್ ಚಿನ್ನ ಗೆದ್ದರು. ಆಗ ಎದ್ದ ಕೂಗೇ ಬೇರೆ. ಸಿಟ್ಟೂ ನಿಜ, ಸಂಭ್ರಮವೂ ನಿಜ. ಈ ಎರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಲು ಜಗತ್ತಿನ ವಿದ್ವಾಂಸರು ನಲವತ್ತು ವರ್ಷಗಳಿಂದ ಹೆಣಗುತ್ತಿದ್ದಾರೆ.

ವಿದ್ವಾಂಸರು ಪ್ರಶ್ನೆ ಕೇಳುವ ಮೊದಲೇ ಜನ ಉತ್ತರ ಕೊಟ್ಟಿದ್ದರು. 1976ರ ಚಳಿಗಾಲದ ಒಲಿಂಪಿಕ್ಸ್ ಅಮೆರಿಕದ ಡೆನ್ವರ್ ನಗರದ ಪಾಲಾಗಿತ್ತು. ಖರ್ಚು ಎಲ್ಲಿಗೆ ಹೋಗಿ ನಿಂತೀತು, ಬೆಟ್ಟಗಳ ಗತಿ ಏನಾದೀತು ಎಂಬ ಆತಂಕದಿಂದ ಕೊಲರಾಡೊ ರಾಜ್ಯದಲ್ಲಿ ಚಳವಳಿ ಹುಟ್ಟಿತು. 1972ರ ನವೆಂಬರಿನಲ್ಲಿ ನಡೆದ ಮತದಾನದಲ್ಲಿ ಶೇ 60ರಷ್ಟು ಮಂದಿ ಸರ್ಕಾರದ ಹಣ ಕೊಡಕೂಡದೆಂದರು. ಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಯಿತು. ಚಳವಳಿಯ ಮುಂದಾಳು ರಿಚರ್ಡ್ ಲ್ಯಾಮ್ ಎರಡೇ ವರ್ಷದಲ್ಲಿ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದರು.

ಅದೇ 1976ರ ಬೇಸಿಗೆ ಒಲಿಂಪಿಕ್ಸ್ ನಡೆಸಿದ ಮಾಂಟ್ರಿಯಲ್‌ನ ಸಾಲ ತೀರಿದ್ದು 2006ರಲ್ಲಿ. ಮೂವತ್ತು ವರ್ಷ! ಕೂಟದ ವರ್ಷ ಹುಟ್ಟಿದ ಮಗು ಬೆಳೆದು, ದುಡಿದು, ತೆರಿಗೆ ಕಟ್ಟುವ ಕಾಲಕ್ಕೂ ಆ ಸಾಲ ಇತ್ತು. ಇದನ್ನು ಕಣ್ಣಾರೆ ಕಂಡ ಲಾಸ್ ಏಂಜಲೀಸ್ ಮತದಾರರು 1984ರ ಕೂಟಕ್ಕೆ ನಗರದ ಬೊಕ್ಕಸದಿಂದ ದುಡ್ಡು ಸುರಿಯದಂತೆ 1978ರಲ್ಲೇ ಕಟ್ಟು ಹಾಕಿದರು. ಆ ಕೂಟ ಕೊನೆಗೆ 20 ಕೋಟಿ ಡಾಲರಿಗೂ ಮಿಕ್ಕಿ ಉಳಿಸಿತು. ಜನರ ಅನುಮಾನ ಕೂಟವನ್ನು ಕೆಡಿಸುತ್ತದೆ ಎನ್ನುವವರು ಈ ಲೆಕ್ಕ ನೋಡಬೇಕು.

ಜನಮನವನ್ನು ಕ್ರಮವಾಗಿ ಅಳೆಯುವ ಕೆಲಸ ಗಟ್ಟಿಯಾಗಿ ಶುರುವಾದದ್ದು ಕೆನಡಾದ ಕ್ಯಾಲ್ಗರಿಯಲ್ಲಿ. 1988ರ ಚಳಿಗಾಲದ ಒಲಿಂಪಿಕ್ಸ್‌ಗೆ ಐದು ವರ್ಷ ಮೊದಲೇ ಬ್ರೆಂಟ್ ರಿಚಿ ಮತ್ತು ಸಂಗಡಿಗರು ಊರವರನ್ನು ಕೇಳಲು ತೊಡಗಿ, ಕೂಟ ಮುಗಿಯುವವರೆಗೂ ಮತ್ತೆ ಮತ್ತೆ ಕೇಳಿದರು. ಆ ಸಮೀಕ್ಷೆಗೆ 'ಒಲಿಂಪಲ್ಸ್' ಎಂದು ಹೆಸರು. ಒಲಿಂಪಿಕ್ಸ್‌ನ ನಾಡಿಮಿಡಿತ ಎಂಬ ಅರ್ಥ. ಜನಬೆಂಬಲ ಉದ್ದಕ್ಕೂ ಎತ್ತರದಲ್ಲೇ ಇತ್ತು. ಅಂದು ಕಟ್ಟಿದ ಸ್ಕೇಟಿಂಗ್ ಅಂಗಳ ಇಂದಿಗೂ ಆ ಊರಿನ ಹೆಮ್ಮೆ. ಆದರೆ 2026ರ ಕೂಟಕ್ಕೆ ಅರ್ಜಿ ಹಾಕೋಣವೇ ಎಂದು ಅದೇ ಕ್ಯಾಲ್ಗರಿ 2018ರಲ್ಲಿ ಮತಕ್ಕಿಟ್ಟಾಗ ಶೇ 56 ಮಂದಿ ಬೇಡ ಎಂದರು. ಸವಿನೆನಪು ಇದ್ದ ಊರೇ ಹೀಗಂದಿತು. ಒಮ್ಮೆ ಕೊಟ್ಟ ಒಪ್ಪಿಗೆ ಶಾಶ್ವತವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಕ್ಯಾಲ್ಗರಿಯ ನಂತರದವರು ಯಾರು ಖುಷಿಪಟ್ಟರು, ಎಷ್ಟು ದಿನ ಪಟ್ಟರು ಎಂದು ಬಿಡಿಸಿ ನೋಡತೊಡಗಿದರು. ಸಿಡ್ನಿ 2000ರ ಬಗ್ಗೆ ಗಾರ್ಡನ್ ವೇಟ್ ಬರೆದ ಅಧ್ಯಯನದಲ್ಲಿ, ಮಕ್ಕಳಿದ್ದ ಕುಟುಂಬಗಳಲ್ಲೂ ಇಂಗ್ಲಿಷ್ ಮನೆಮಾತಲ್ಲದ ವಲಸಿಗರಲ್ಲೂ ಉತ್ಸಾಹ ಹೆಚ್ಚು ಕಂಡಿತು. ಹೊಸ ನೆಲದಲ್ಲಿ ತಾವೂ ಸೇರಿದವರೇ ಎಂದು ಅನ್ನಿಸುವ ಗಳಿಗೆ ಅದಾಗಿದ್ದಿರಬೇಕು. 2002ರ ವಿಶ್ವಕಪ್ ಫುಟ್‌ಬಾಲ್ ಮುಗಿದ ಮೇಲೆ ದಕ್ಷಿಣ ಕೊರಿಯಾದವರನ್ನು ಕೇಳಿದಾಗ, ನಿರೀಕ್ಷಿಸಿದಷ್ಟು ಲಾಭ ಕೈಗೆ ಬಂದಿರಲಿಲ್ಲ. ಲಂಡನ್ 2012ರ ಕುರಿತ ಸಂಶೋಧನೆ ಇನ್ನೂ ವಿಸ್ತಾರವಾದದ್ದು. ಲಂಡನ್, ಪ್ಯಾರಿಸ್, ಬರ್ಲಿನ್‌ಗಳ ಸುಮಾರು 26,000 ನಿವಾಸಿಗಳನ್ನು ಸತತ ಮೂರು ಬೇಸಿಗೆ ಮಾತಾಡಿಸಲಾಯಿತು. ಕೂಟದ ದಿನಗಳಲ್ಲಿ, ಅದರಲ್ಲೂ ಉದ್ಘಾಟನೆ ಮತ್ತು ಸಮಾರೋಪದ ಆಸುಪಾಸಿನಲ್ಲಿ, ಲಂಡನ್ನಿಗರ ಸಂತೋಷ ಏರಿತ್ತು. ವರ್ಷದೊಳಗೆ ಅದು ಇಳಿದು ಮೊದಲಿನ ಮಟ್ಟಕ್ಕೆ ಬಂದಿತ್ತು.

ಇಷ್ಟೆಲ್ಲ ಓದಿದ ಮೇಲೂ ನನಗೊಂದು ಕೊರತೆ ಕಾಣುತ್ತದೆ. ಇಂಥ ಸಮೀಕ್ಷೆ ಬಾಗಿಲು ತಟ್ಟುವುದು ಮನೆ ಇದ್ದವರದ್ದು. ಕೂಟಕ್ಕಾಗಿ ಮನೆ ಕಳೆದುಕೊಂಡವರು ಯಾವ ವಿಳಾಸದಲ್ಲಿ ಸಿಗಬೇಕು? 1988ರ ಒಲಿಂಪಿಕ್ಸ್‌ಗೆ ಮುನ್ನ ಸೋಲ್‌ನಲ್ಲಿ ಲಕ್ಷಗಟ್ಟಲೆ ಜನ ಎತ್ತಂಗಡಿಯಾದರು. ಅವರ ಅಭಿಪ್ರಾಯ ಇಂಥ ಕೋಷ್ಟಕಗಳಲ್ಲಿ ಸಿಗುವುದು ಅಪರೂಪ. ಆ ಮಾತು ಬೇರೆಡೆ ಹುಡುಕಬೇಕು: ನ್ಯಾಯಾಲಯದ ಕಡತಗಳಲ್ಲಿ, ಹಕ್ಕುಗಳ ಸಂಘಟನೆಗಳ ವರದಿಗಳಲ್ಲಿ.

ನಮ್ಮ ದೇಶದ ಮಟ್ಟಿಗೆ ಅಂಥ ಅತ್ಯಮೂಲ್ಯ ಕಡತ 1982ರದು. ದೆಹಲಿ ಏಷ್ಯನ್ ಕ್ರೀಡಾಕೂಟ ಎಂದರೆ ನಮ್ಮ ತಲೆಮಾರಿಗೆ ಬಣ್ಣದ ಟೀವಿ ಮತ್ತು ಕೂಟದ ಲಾಂಛನ ಅಪ್ಪು ಆನೆ. ಅದೇ ಹೊತ್ತಿಗೆ ಕ್ರೀಡಾಂಗಣ, ಮೇಲ್ಸೇತುವೆಗಳ ಕಾಮಗಾರಿಯ ಕೂಲಿಕಾರರ ಪರವಾಗಿ ಪ್ರಜಾಸತ್ತಾತ್ಮಕ ಹಕ್ಕುಗಳ ಜನತಾ ಒಕ್ಕೂಟ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು. ದಿನಗೂಲಿ 9 ರೂಪಾಯಿ 25 ಪೈಸೆ ಆಗಬೇಕಿತ್ತು. ಗುತ್ತಿಗೆದಾರರು ಅದನ್ನು ಜಮಾದಾರನ (ನಮ್ಮ ಕಡೆ ಮೇಸ್ತ್ರಿ ಎನ್ನುತ್ತೇವೆ) ಕೈಗೆ ಕೊಡುತ್ತಿದ್ದರು. ಆತ ಒಂದು ರೂಪಾಯಿ ಕಮಿಷನ್ ಹಿಡಿದುಕೊಂಡು 8.25 ಕೊಡುತ್ತಿದ್ದ. ಹೆಂಗಸರಿಗೆ ಸಿಗುತ್ತಿದ್ದುದು 7 ರೂಪಾಯಿ ಎಂಬ ದೂರೂ ಅದರಲ್ಲಿತ್ತು. ಕೂಟಕ್ಕೆ ಎರಡು ತಿಂಗಳಿರುವಾಗ, ಸೆಪ್ಟೆಂಬರಿನಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ತೀರ್ಪು ಕೊಟ್ಟಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಗೆ ಸಮ. ಬಡವರ ಪರವಾಗಿ ಯಾರು ಬೇಕಾದರೂ ಪತ್ರ ಬರೆದು ನ್ಯಾಯ ಕೇಳಬಹುದೆಂಬ ದಾರಿಯನ್ನು ಗಟ್ಟಿಗೊಳಿಸಿದ್ದೂ ಈ ಮೊಕದ್ದಮೆಯೇ. ಒಂದು ಕ್ರೀಡಾಕೂಟ ದೇಶಕ್ಕೆ ಬಿಟ್ಟುಹೋದ ಆಸ್ತಿಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದು ಎಂದು ನಾನು ನಂಬಿದ್ದೇನೆ.

ಇಪ್ಪತ್ತೆಂಟು ವರ್ಷಗಳ ನಂತರ, 2010ರ ಕೂಟದ ಕಾಮಗಾರಿಗಳಲ್ಲಿ ಅದೇ ದೂರು, ಅದೇ ಒಕ್ಕೂಟ. ಈ ಬಾರಿ ದೆಹಲಿ ಹೈಕೋರ್ಟಿನ ಮುಂದೆ. ಉದ್ಘಾಟನೆಗೆ ಎರಡು ವಾರ ಇರುವಾಗ ಮುಖ್ಯ ಕ್ರೀಡಾಂಗಣದ ಬಳಿಯ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಕಲ್ಮಾಡಿಯವರ ಮುಂದೆ ಎದ್ದ ಕೂಗಿನ ಹಿಂದೆ ಇದೂ ಇತ್ತು. ಕೂಟದಲ್ಲಿ ಭಾರತ 101 ಪದಕ ಗೆದ್ದಾಗ ದೇಶ ಹಿಗ್ಗಿತು, ಲೆಕ್ಕ ಕೇಳುವುದನ್ನು ಬಿಡಲಿಲ್ಲ.

2013ರಿಂದ ಈಚೆಗೆ ಪ್ರತಿಕ್ರಿಯೆಯ ಸ್ವರೂಪವೇ ಬದಲಾಯಿತು. ಆ ವರ್ಷದ ಜೂನಿನಲ್ಲಿ ಬ್ರೆಜಿಲ್‌ನಲ್ಲಿ ಬಸ್ ದರ ಏರಿಕೆಗೆ ಎದ್ದ ಸಿಟ್ಟು ಅಲ್ಲಿ ನಡೆಯಲಿದ್ದ ವಿಶ್ವಕಪ್ಪಿನ ಖರ್ಚಿನ ಕಡೆ ತಿರುಗಿತು. ಕ್ರೀಡಾಂಗಣಕ್ಕೆ ಫಿಫಾ ದರ್ಜೆ ಇದ್ದರೆ ಆಸ್ಪತ್ರೆ, ಶಾಲೆಗಳಿಗೂ ಅದೇ ದರ್ಜೆ ಕೊಡಿ ಎಂದು ಫುಟ್‌ಬಾಲನ್ನು ಪ್ರಾಣದಂತೆ ಪ್ರೀತಿಸುವ ಜನ ಫಲಕ ಹಿಡಿದರು. ಮ್ಯೂನಿಕ್, ಕ್ರಾಕೋವ್, ಹ್ಯಾಂಬರ್ಗ್ ಮತಪೆಟ್ಟಿಗೆಯಲ್ಲಿ ಒಲಿಂಪಿಕ್ಸನ್ನು ತಿರಸ್ಕರಿಸಿದವು. ಬುಡಾಪೆಸ್ಟ್‌ನಲ್ಲಿ 2017ರಲ್ಲಿ ಯುವಕರು ಜನಮತಕ್ಕಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದಾಗ ನಗರ ಅರ್ಜಿಯನ್ನೇ ಹಿಂತೆಗೆದುಕೊಂಡಿತು. ಕೊರೋನಾ ಕಾಲದ ಟೋಕಿಯೊ ಕೂಟದ ಬಗ್ಗೆ, 2021ರ ಮೇ ತಿಂಗಳ ಒಂದು ಸಮೀಕ್ಷೆಯಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಕೂಟ ರದ್ದಾಗಲಿ ಅಥವಾ ಮುಂದಕ್ಕೆ ಹೋಗಲಿ ಎಂದಿದ್ದರು. ಮುಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನ ನಡೆದದ್ದು ಒಳ್ಳೆಯದಾಯಿತು ಎಂದರು. 2013ರಲ್ಲಿ ಬೇಡ ಎಂದ ಮ್ಯೂನಿಕ್ 2025ರ ಅಕ್ಟೋಬರಿನಲ್ಲಿ ಮೂರನೇ ಎರಡರಷ್ಟು ಮತದಿಂದ ಬೇಕು ಎಂದಿತು. ಜನ ಆಟವನ್ನು ದ್ವೇಷಿಸಿದ ಉದಾಹರಣೆ ಇಷ್ಟು ವರ್ಷಗಳ ದಾಖಲೆಯಲ್ಲಿ ನನಗೆ ಸಿಕ್ಕಿಲ್ಲ. ತಮ್ಮನ್ನು ಕೇಳಲಿಲ್ಲ, ತಮಗೆ ಲೆಕ್ಕ ಕೊಡಲಿಲ್ಲ ಎಂಬ ನೋವು ಮಾತ್ರ ಮತ್ತೆ ಮತ್ತೆ ಸಿಕ್ಕಿದೆ.

2025ರ ನವೆಂಬರ್ 26ರಂದು 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿತು. 2036ರ ಒಲಿಂಪಿಕ್ಸ್‌ಗೂ ಭಾರತ ಆಸಕ್ತಿ ತಿಳಿಸಿದೆ. ನಮ್ಮಲ್ಲಿ ಇಂಥದಕ್ಕೆ ಮತದಾನದ ಪದ್ಧತಿ ಇಲ್ಲ. ಆದರೆ ಕೇಳಿ ತಿಳಿಯಲು ಯಾರೂ ಅಡ್ಡ ಬಂದಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಕ್ಯಾಲ್ಗರಿಯವರಂತೆ ಐದು ವರ್ಷ ಮೊದಲೇ ಹೊರಡಲಿ. ಮೊದಲು ಹೋಗುವುದು ಕಾಮಗಾರಿಯ ಜಾಗಕ್ಕಾಗಲಿ, ಮೊದಲ ಪ್ರಶ್ನೆ ಇಟ್ಟಿಗೆ ಹೊರುವ ಹೆಂಗಸಿಗಿರಲಿ: ಅಮ್ಮಾ, ದಿನಕ್ಕೆ ಎಷ್ಟು ಕೈಗೆ ಬರುತ್ತದೆ?