ಹೊಗೆಸೊಪ್ಪಿನ ಹದ: ಬಿಜಾಪುರದ ದರ್ಬಾರಿನಿಂದ ಕೋಲಾರದ ಗಣಿನಾಡಿಗೆ

ಪೈಪಿನ ತಂಬಾಕಿನ ಬಗೆಗಳನ್ನು ಹೊಸದಾಗಿ ಅರಿಯಹೊರಟವರಿಗೆ ಡಬ್ಬಿಗಳ ಮೇಲಿನ ಹೆಸರುಗಳಿಗಿಂತ ಎರಡು ಸಂಗತಿಗಳು ಹೆಚ್ಚು ನೆರವಾಗುತ್ತವೆ: ಕೊಯ್ಲಿನ ನಂತರ ಎಲೆಯನ್ನು ಹದಗೊಳಿಸಿದ ರೀತಿ ಮತ್ತು ಅದನ್ನು ಸೇದುವ ಸಾಧನ. ಕೋಲಾರವನ್ನು ಬೇರೆಬೇರೆ ಕಾಲದಲ್ಲಿ ಪ್ರವೇಶಿಸಿದ ಬಿಜಾಪುರದ ಆದಿಲ್‌ಶಾಹಿಗಳೂ ಬ್ರಿಟಿಷ್ ಗಣಿ ಕಂಪನಿಗಳೂ ಈ ವಿಷಯದಲ್ಲಿ ತೀರ ಭಿನ್ನವಾದ ಸಂಪ್ರದಾಯಗಳಿಗೆ ಸೇರಿದವು.

ಪೋರ್ಚುಗೀಸರ ಮೂಲಕ ದಖ್ಖನಿಗೆ ಬಂದ ಹೊಗೆಸೊಪ್ಪು 17ನೇ ಶತಮಾನದ ಆರಂಭಕ್ಕೆ ಬಿಜಾಪುರದಲ್ಲಿ ಬಳಕೆಯಲ್ಲಿತ್ತು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಅಕ್ಬರನ ರಾಯಭಾರಿಯಾಗಿ ಹೋಗಿದ್ದ ಅಸದ್ ಬೇಗ್, ತಾನು ಅದುವರೆಗೆ ಕಂಡಿರದ ಈ ವಸ್ತುವನ್ನು ಅಲ್ಲಿ ಕಂಡು, ಸುಮಾರು 1604-05ರಲ್ಲಿ ಆಗ್ರಾಕ್ಕೆ ಒಯ್ದು ಚಕ್ರವರ್ತಿಗೆ ಒಪ್ಪಿಸಿದನು. ಅವನ ಬರಹದ ಪ್ರಕಾರ ಜೊತೆಗೆ ಒಪ್ಪಿಸಿದ ಮೂರು ಮೊಳ ಉದ್ದದ ಸೇದುವ ಕೊಳವೆಯ ಎರಡೂ ತುದಿಗಳಿಗೆ ರತ್ನ ಮತ್ತು ಮೀನಾಕಾರಿಯ ಅಲಂಕಾರವಿತ್ತು, ಬಾಯಿಗಿಡುವ ಭಾಗ ಯೆಮನಿನ ಅಕೀಕ ಶಿಲೆಯದಾಗಿತ್ತು. ಅಕ್ಬರ್ ಕೆಲವು ಗುಟುಕು ಸೇದಿದೊಡನೆ, ತಮ್ಮ ಗ್ರಂಥಗಳಲ್ಲಿ ಉಲ್ಲೇಖವಿಲ್ಲದ ಈ ವಸ್ತುವನ್ನು ಪರೀಕ್ಷಿಸದೆ ಬಳಸಬಾರದೆಂದು ವೈದ್ಯನು ತಡೆದನು. ಈ ಪ್ರಸಂಗದಲ್ಲಿ ರತ್ನಖಚಿತ ಕೊಳವೆಗಿಂತ ಬೆಲೆಯುಳ್ಳದ್ದು ಆ ಎಚ್ಚರಿಕೆಯೇ. ಆದರೆ ಅಮೀರರು ಅದಕ್ಕೆ ಕಿವಿಗೊಡಲಿಲ್ಲ, 1617ರಲ್ಲಿ ಜಹಾಂಗೀರ್ ಹೊರಡಿಸಿದ ನಿಷೇಧವೂ ಚಟವನ್ನು ಅಳಿಸಲಿಲ್ಲ. ಮುಂದೆ ಎಲ್ಲೆಡೆ ಹರಡಿದ ಗುಡಿಗುಡಿ, ಎಂದರೆ ಹೊಗೆಯನ್ನು ನೀರಿನ ಮೂಲಕ ಹಾಯಿಸುವ ಹುಕ್ಕಾ, ಬೆಲ್ಲದ ಪಾಕದೊಡನೆ ಕುಟ್ಟಿ ಮುದ್ದೆಮಾಡಿದ, ಕೆಂಡದ ಶಾಖಕ್ಕೆ ನಿಧಾನವಾಗಿ ಬೇಯುವ ತಂಬಾಕನ್ನು ಬಯಸುತ್ತಿತ್ತು. ಸಾಮಾನ್ಯ ಜನರಿಗೆ ಮಣ್ಣಿನ ಚಿಲುಮೆಯೇ ಸಾಕಾಗಿತ್ತು. ಅಸದ್ ಬೇಗನ ಪ್ರಯಾಣದ ಸುಮಾರು ಮೂರೂವರೆ ದಶಕಗಳ ನಂತರ ಆದಿಲ್‌ಶಾಹಿ ಸೇನಾನಿ ರಣದುಲ್ಲಾ ಖಾನನ ದಂಡಯಾತ್ರೆಯಿಂದ ಕೋಲಾರವು ಬಿಜಾಪುರದ ವಶವಾಗಿ, ಬೆಂಗಳೂರಿನೊಡನೆ ಮರಾಠಾ ಸರದಾರ ಶಹಾಜಿಯ ಜಹಗೀರಿಗೆ ಸೇರಿತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟು, ಕಾರ್ನ್‌ವಾಲಿನ ಗಣಿಗಾರರನ್ನು ಕರೆತಂದ ಕಾಲಕ್ಕೆ, ಅವರ ನಾಡಿನಲ್ಲಿ ತಂಬಾಕಿಗೆ ಪಾಕದ ಮುದ್ದೆಯ ರೂಪವಿರಲಿಲ್ಲ. ಅಲ್ಲಿ ಎಲೆಯನ್ನು ಹಗ್ಗದಂತೆ ಹೊಸೆದು ‘ಟ್ವಿಸ್ಟ್’ ಮಾಡುತ್ತಿದ್ದರು, ಇಲ್ಲವೇ ಅಚ್ಚಿನಲ್ಲಿ ಒತ್ತಿ ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ ‘ಫ್ಲೇಕ್’ ಮಾಡುತ್ತಿದ್ದರು. ಪೈಪಿನ ಮಿಶ್ರಣಗಳಲ್ಲಿ ಇಂದಿಗೂ ಹೆಸರುಳ್ಳ ಎಲೆಗಳ ಭೇದವು ಮುಖ್ಯವಾಗಿ ಒಣಗಿಸುವ ಕ್ರಮದಲ್ಲಿದೆ: ಬಿಸಿಗಾಳಿಯ ಗೂಡಿನಲ್ಲಿ ಬೇಗ ಒಣಗುವ ವರ್ಜೀನಿಯಾ ತನ್ನ ಸಕ್ಕರೆಯಂಶವನ್ನು ಉಳಿಸಿಕೊಂಡು ಸಿಹಿಯಾಗಿರುತ್ತದೆ, ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ತೂಗುವ ಬರ್ಲಿಯಲ್ಲಿ ಆ ಅಂಶ ಬಹುತೇಕ ಕಳೆದುಹೋಗುತ್ತದೆ, ಸಿರಿಯಾದ ಬಂದರಿನ ಹೆಸರು ಹೊತ್ತ ಲಟಾಕಿಯಾ ಸೌದೆಯ ಹೊಗೆಯಲ್ಲಿ ಕಪ್ಪಾಗುತ್ತದೆ.

ಪೈಪಿನ ಕಾಲ ದೀರ್ಘವಾಗಲಿಲ್ಲ. ಬಾನ್ಸಾಕನ ಸಿಗರೇಟು ಯಂತ್ರಕ್ಕೆ 1881ರಲ್ಲಿ ಪೇಟೆಂಟ್ ದೊರೆತ ಮೇಲೆ ಅಗ್ಗದ ಸಿಗರೇಟು ಎಲ್ಲೆಡೆ ಮೇಲುಗೈ ಪಡೆಯಿತು. ಕರ್ನಾಟಕದಲ್ಲಿ ಬಿಸಿಗಾಳಿಯಲ್ಲಿ ಹದಗೊಳ್ಳುವ ವರ್ಜೀನಿಯಾ ಮುಂದೆ ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳಲ್ಲಿ ನೆಲೆಯೂರಿ, ಸಿಗರೇಟಿನ ಕಚ್ಚಾವಸ್ತುವಾಯಿತು. ಇತ್ತ ಕೋಲಾರದ ರೈತರು ತಂಬಾಕಿನ ಬದಲು ರಾಗಿ, ಹಿಪ್ಪುನೇರಳೆ, ಟೊಮೆಟೊಗಳನ್ನೂ ಶ್ರೀನಿವಾಸಪುರದವರು ಮಾವನ್ನೂ ನೆಚ್ಚಿಕೊಂಡರು.