ಮರವೂ ಬಗ್ಗೀತು: ಕೆಲಸ ಕಳೆದುಕೊಂಡವರಿಗೆ ಕಸುಬು ಕಲಿಸಿದ ಕಥೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂದು ನಮ್ಮ ಹಿರಿಯರು ಕೇಳಿದ್ದು ಮಕ್ಕಳ ನಡತೆಯನ್ನು ಕುರಿತು. ಆದರೆ ಈ ಗಾದೆ ದೊಡ್ಡವರ ಮೇಲೂ ಪ್ರಯೋಗವಾಗುವುದುಂಟು. ಇಪ್ಪತ್ತು ವರ್ಷ ಒಂದೇ ಮಗ್ಗದ ಮುಂದೆ ನಿಂತು ದುಡಿದವನು ಒಂದು ಬೆಳಿಗ್ಗೆ ಗಿರಣಿಯ ಬಾಗಿಲಿಗೆ ಬೀಗ ಬಿದ್ದಿರುವುದನ್ನು ಕಾಣುತ್ತಾನೆ. ನಲವತ್ತೈದು ವಯಸ್ಸಿನ ಆ ಮನುಷ್ಯನಿಗೆ ಹೊಸದೊಂದು ಕಸುಬು ಕಲಿಸಬಹುದೆ? ಕಲಿಸುವುದಾದರೆ ಅದರ ಖರ್ಚು ಯಾರದು? ಮಾಲೀಕನದೋ, ಸರ್ಕಾರದ್ದೋ, ಅವನದೇ ಹಣೆಬರಹದ್ದೋ? ನಮ್ಮ ದೇಶದ ಸರ್ಕಾರ ಎಂಬತ್ತು ವರ್ಷಗಳಿಂದ ಈ ಪ್ರಶ್ನೆಗೆ ಬಗೆಬಗೆಯ ಉತ್ತರಗಳನ್ನು ಕೊಡುತ್ತ ಬಂದಿದೆ.

ಇಂದು ನಮ್ಮ ತಾಲ್ಲೂಕು ಊರುಗಳಲ್ಲಿಯೂ ಕಾಣಸಿಗುವ ಐ.ಟಿ.ಐ.ಯನ್ನು ನಾವೆಲ್ಲ ಶಾಲೆ ಮುಗಿಸಿದ ಹುಡುಗರ ಸಂಸ್ಥೆಯೆಂದೇ ತಿಳಿದಿದ್ದೇವೆ. ಅದರ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ ಸಿಕ್ಕುವುದು ಹುಡುಗರಲ್ಲ, ಯುದ್ಧ. ಎರಡನೆಯ ಮಹಾಯುದ್ಧ ಹೊತ್ತಿಕೊಂಡಾಗ ಮದ್ದುಗುಂಡಿನ ಕಾರ್ಖಾನೆಗಳಿಗೂ ಸೈನ್ಯಕ್ಕೂ ಫಿಟ್ಟರ್, ಟರ್ನರ್, ವೆಲ್ಡರುಗಳು ಸಾವಿರಗಟ್ಟಲೆ ಬೇಕಾದರು. ಅವರು ಎಲ್ಲಿಯೂ ಸಿದ್ಧರಾಗಿ ಕುಳಿತಿರಲಿಲ್ಲ. ಆದ್ದರಿಂದ ೧೯೪೦ರಲ್ಲಿ ಭಾರತ ಸರ್ಕಾರ ತಾಂತ್ರಿಕ ತರಬೇತಿಯ ಯೋಜನೆಯೊಂದನ್ನು ಆರಂಭಿಸಿತು. ೧೯೪೧ರಲ್ಲಿ ಐವತ್ತು ಮಂದಿ ಭಾರತೀಯ ಕೆಲಸಗಾರರ ಮೊದಲ ತಂಡ ಇಂಗ್ಲೆಂಡಿಗೆ ಹೊರಟಿತು. ಆ ಯೋಜನೆಗೆ ಬ್ರಿಟನ್ನಿನ ಕಾರ್ಮಿಕ ಸಚಿವ ಅರ್ನೆಸ್ಟ್ ಬೆವಿನ್ನನ ಹೆಸರೇ ಅಂಟಿಕೊಂಡಿತು. ಬೆವಿನ್ ಸ್ವತಃ ಹನ್ನೊಂದನೆಯ ವಯಸ್ಸಿಗೇ ಶಾಲೆ ಬಿಟ್ಟು, ಹೊಲದಲ್ಲಿ ದುಡಿದು, ಗಾಡಿ ಹೊಡೆದು, ಕಾರ್ಮಿಕ ಸಂಘದ ಮೂಲಕ ಮೇಲೆ ಬಂದ ಮನುಷ್ಯ.

ಕೆಲವೇ ತಿಂಗಳುಗಳಲ್ಲಿ, ಕಬ್ಬಿಣವನ್ನೇ ಮುಟ್ಟದಿದ್ದವರು ಲೇತಿನ ಮುಂದೆ ನಿಂತರು. ಅವಶ್ಯಕತೆ ಬಿದ್ದಾಗ ಬೆಳೆದ ಮನುಷ್ಯನಿಗೆ ಕಸುಬು ಕಲಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲವೆಂದು ಅಂದೇ ಸಿದ್ಧವಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

೧೯೪೫ರಲ್ಲಿ ಯುದ್ಧ ನಿಂತಿತು. ಸುಮಾರು ಇಪ್ಪತ್ತೈದು ಲಕ್ಷಕ್ಕೆ ಬೆಳೆದಿದ್ದ ಭಾರತದ ಸೈನ್ಯ ಕರಗತೊಡಗಿತು. ಯುದ್ಧದ ಬೇಡಿಕೆಯನ್ನೇ ನಂಬಿದ್ದ ಕಾರ್ಖಾನೆಗಳು ಆಳುಗಳನ್ನು ಇಳಿಸಿದವು. ಆ ವರ್ಷದ ಜುಲೈ ತಿಂಗಳಿನಲ್ಲಿ ಸರ್ಕಾರ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯವನ್ನು ಸ್ಥಾಪಿಸಿತು. ಬಿಡುಗಡೆಯಾದ ಸೈನಿಕರಿಗೂ ಕೆಲಸ ಹೋದ ಯುದ್ಧ ಕಾರ್ಮಿಕರಿಗೂ ದಾರಿ ತೋರಿಸುವುದು ಅದರ ಹೊಣೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜುಗಳು ಹುಟ್ಟಿದ್ದು ಆಗಲೇ. ಎರಡು ವರ್ಷ ಕಳೆಯುವಷ್ಟರಲ್ಲಿ ದೇಶ ಇಬ್ಭಾಗವಾಗಿ ನಿರಾಶ್ರಿತರ ಮಹಾಪ್ರವಾಹ ಬಂತು. ಸೈನಿಕರಿಗೆಂದು ತೆರೆದಿದ್ದ ತರಬೇತಿ ಕೇಂದ್ರಗಳಲ್ಲಿ ಅವರೂ ಬಂದು ಕುಳಿತರು. ೧೯೫೦ರಲ್ಲಿ ಇದೇ ಏರ್ಪಾಡು ಕುಶಲಕರ್ಮಿಗಳ ತರಬೇತಿ ಯೋಜನೆಯೆಂಬ ಹೆಸರಿನಿಂದ ಎಲ್ಲ ಸಾಮಾನ್ಯರಿಗೂ ತೆರೆದುಕೊಂಡಿತು. ಐ.ಟಿ.ಐ.ಗಳ ಬೇರು ಇರುವುದು ಇಲ್ಲಿ. ಕೆಲಸ ಕಳೆದುಕೊಂಡವರ ಮನೆಯಾಗಿ ಹುಟ್ಟಿದ ಸಂಸ್ಥೆ ಕಾಲಕ್ರಮದಲ್ಲಿ ಕೆಲಸಕ್ಕೆ ಇನ್ನೂ ಸೇರದವರ ಮನೆಯಾಯಿತು. ಹಳಬರು ಹೊರಗುಳಿದರು.

ಈ ಅಧ್ಯಾಯದಲ್ಲಿ ಕನ್ನಡ ನಾಡಿಗೆ ಸೇರಿದ ಒಬ್ಬರ ಹೆಸರನ್ನು ಸ್ಮರಿಸದೆ ಮುಂದೆ ಹೋಗಲಾಗದು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ಶಿವರಾಯರು ಪತ್ರಿಕೋದ್ಯಮಿಗಳು, ಸಂವಿಧಾನ ಸಭೆಯ ಸದಸ್ಯರು. ಸಂವಿಧಾನದ ಕರಡಿಗೆ ದುಡಿದ ಬೆನಗಲ್ ನರಸಿಂಗರಾಯರ ತಮ್ಮ. ಭಾರತದ ಕೈಗಾರಿಕಾ ಕಾರ್ಮಿಕನನ್ನು ಕುರಿತು ೧೯೩೯ರಲ್ಲಿ ಅವರ ಪುಸ್ತಕವೊಂದು ಹೊರಬಂದಿತ್ತು. ತರಬೇತಿ ಮತ್ತು ಉದ್ಯೋಗ ಸೇವೆ ಯಾವ ರೀತಿಯಲ್ಲಿ ನಡೆಯಬೇಕೆಂದು ಪರಿಶೀಲಿಸಲು ೧೯೫೨ರಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ಈ ಸೇವೆಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಹೋಗಬೇಕೆಂದು ೧೯೫೪ರಲ್ಲಿ ಸಮಿತಿ ಹೇಳಿತು. ಅದು ಜಾರಿಗೆ ಬಂದದ್ದು ೧೯೫೬ರ ನವೆಂಬರ್ ೧ರಂದು, ಅಂದರೆ ಕನ್ನಡಿಗರೆಲ್ಲ ಒಂದು ರಾಜ್ಯವಾಗಿ ಕೂಡಿದ ದಿನವೇ.

ಈ ನಡುವೆ ಕಾನೂನು ಇನ್ನೊಂದು ದಾರಿ ಹಿಡಿದಿತ್ತು. ೧೯೫೩ರಲ್ಲಿ ಬಟ್ಟೆ ಗಿರಣಿಗಳಲ್ಲಿ ಸರಕು ಮಾರಾಟವಾಗದೆ ರಾಶಿ ಬಿದ್ದು, ಕೂಲಿಗಾರರನ್ನು ಮನೆಗೆ ಕಳುಹಿಸುವ ಭೀತಿ ಎದ್ದಿತು. ಸರ್ಕಾರ ಅಕ್ಟೋಬರ್ ತಿಂಗಳಿನಲ್ಲಿ ಅವಸರದ ಆಜ್ಞೆಯೊಂದನ್ನು ಹೊರಡಿಸಿ, ಬಳಿಕ ಕೈಗಾರಿಕಾ ವಿವಾದಗಳ ಕಾಯಿದೆಗೆ ತಿದ್ದುಪಡಿ ತಂದಿತು. ತಾತ್ಕಾಲಿಕವಾಗಿ ಲೇ-ಆಫ್ ಆದವನಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧ; ಕೆಲಸದಿಂದಲೇ ತೆಗೆದುಹಾಕಿದರೆ ದುಡಿದ ಪ್ರತಿಯೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ. ಕೂಲಿಗಾರನ ಮರ್ಯಾದೆಗೆ ಅದು ದೊಡ್ಡ ರಕ್ಷಣೆಯೇ ಸರಿ. ಆದರೆ ಕಾನೂನು ಅವನ ಕೈಗೆ ಕೊಟ್ಟದ್ದು ಹಣವನ್ನು. ಆ ಕೈ ಮುಂದೆ ಏನು ಮಾಡಬೇಕೆಂಬುದನ್ನು ಅದು ಹೇಳಲಿಲ್ಲ.

ಇದರ ಪರೀಕ್ಷೆ ನಡೆದದ್ದು ಮೂವತ್ತು ವರ್ಷಗಳ ಮೇಲೆ. ೧೯೮೨ರ ಜನವರಿ ೧೮ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದರು. ಮುಷ್ಕರ ಸೋತಿತು, ಎಷ್ಟೋ ಮಂದಿ ಮತ್ತೆ ಗಿರಣಿಯ ಮುಖ ನೋಡಲಿಲ್ಲ. ಅತ್ತ ಅಹಮದಾಬಾದಿನಲ್ಲಿ ಎಂಬತ್ತು-ತೊಂಬತ್ತರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿ, ಲಕ್ಷಕ್ಕೂ ಮೀರಿ ಜನ ಕೆಲಸ ಕಳೆದುಕೊಂಡರು. ಕೇಂದ್ರ ಸರ್ಕಾರ ೧೯೮೬ರ ಸೆಪ್ಟೆಂಬರಿನಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿಯ ಯೋಜನೆಯನ್ನು ತಂದಿತು. ಮುಚ್ಚಿದ ಗಿರಣಿಯ ಅರ್ಹ ಕೂಲಿಗಾರನಿಗೆ ಮೊದಲ ವರ್ಷ ಸಂಬಳದ ನೂರಕ್ಕೆ ೭೫, ಎರಡನೆಯ ವರ್ಷ ೫೦, ಮೂರನೆಯ ವರ್ಷ ೨೫. ಇಳಿಯುತ್ತ ಹೋಗುವ ಈ ಮೆಟ್ಟಿಲಿನ ಕೊನೆಗೆ ಅವನು ಹೊಸ ಕೆಲಸ ಹಿಡಿದಿರಬೇಕೆಂಬುದು ಲೆಕ್ಕಾಚಾರ. ಅದನ್ನು ಹಿಡಿಯಲು ಬೇಕಾದ ವಿದ್ಯೆ ಮಾತ್ರ ಯೋಜನೆಯೊಳಗೆ ಇರಲಿಲ್ಲ.

ಆದರೂ ಅಹಮದಾಬಾದಿನಲ್ಲಿ ಒಂದು ಸಂಗತಿ ನಡೆದಿತ್ತು. ೧೯೧೮ರ ಗಿರಣಿ ಹೋರಾಟದ ಬಳಿಕ ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿಯವರ ನೆರಳಿನಲ್ಲಿ ಬೆಳೆದ ಮಜೂರ್ ಮಹಾಜನ ಸಂಘ, ೧೯೫೪ರಲ್ಲಿಯೇ ಮಹಿಳಾ ವಿಭಾಗವೊಂದನ್ನು ತೆರೆದು ಕೂಲಿಗಾರರ ಮಡದಿಯರಿಗೂ ಹೆಣ್ಣುಮಕ್ಕಳಿಗೂ ಹೊಲಿಗೆ, ಕಸೂತಿ, ಟೈಪಿಂಗ್ ಹೇಳಿಕೊಡುತ್ತಿತ್ತು. ಆ ವಿಭಾಗದಿಂದಲೇ ೧೯೭೨ರಲ್ಲಿ ಇಳಾ ಭಟ್ಟರ ‘ಸೇವಾ’ ಸಂಸ್ಥೆ ಹುಟ್ಟಿತು. ಗಂಡಸು ಕೆಲಸವಿಲ್ಲದೆ ಕುಳಿತಾಗ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹೆಂಗಸರ ದುಡಿಮೆಯಿಂದ.

೧೯೯೧ರ ಹೊಸ ಕೈಗಾರಿಕಾ ನೀತಿಯೊಡನೆ ಸರ್ಕಾರ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕಾಯಿತು. ೧೯೯೨ರ ಫೆಬ್ರವರಿಯಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪನೆಯಾಯಿತು. ಕಾಗದದ ಮೇಲೆ ಅದರ ಉದ್ದೇಶ ಘನವಾದದ್ದು: ಹೆಚ್ಚುವರಿ ಕೆಲಸಗಾರರಿಗೆ ಪರಿಹಾರ, ಮರುತರಬೇತಿ, ಬೇರೆ ಕೆಲಸಕ್ಕೆ ನಿಯೋಜನೆ, ಹೊಸ ಉದ್ಯೋಗದ ಸೃಷ್ಟಿ. ನಡೆದದ್ದೇನೆಂದರೆ, ಹಣದ ಬಹುಪಾಲು ಕೇಂದ್ರದ ಸಾರ್ವಜನಿಕ ಉದ್ಯಮಗಳಲ್ಲಿ ಸ್ವಯಂ ನಿವೃತ್ತಿ ಪಡೆದವರಿಗೆ ಗಂಟು ಕಟ್ಟಿಕೊಡುವುದರಲ್ಲಿಯೇ ಮುಗಿಯಿತು. ತರಬೇತಿಗೆ ಉಳಿದದ್ದು ಅಂಚಿನ ಪಾಲು. ಕಳುಹಿಸುವುದು ಸುಲಭ, ಒಂದು ಚೆಕ್ಕಿನಲ್ಲಿ ಮುಗಿಯುವ ಕೆಲಸ; ಕಲಿಸುವುದಕ್ಕೆ ಕಾಲ ಬೇಕು, ಗುರು ಬೇಕು, ಕಲಿತವನನ್ನು ಕರೆದುಕೊಳ್ಳುವ ಜಾಗ ಬೇಕು. ೨೦೦೦ದಲ್ಲಿ ಆ ನಿಧಿಯನ್ನು ರದ್ದು ಮಾಡಲಾಯಿತು.

ಅದರ ಜಾಗದಲ್ಲಿ ೨೦೦೧-೦೨ರಿಂದ ಸಾರ್ವಜನಿಕ ಉದ್ಯಮಗಳ ಇಲಾಖೆ ಸಲಹೆ, ಮರುತರಬೇತಿ ಮತ್ತು ಮರುನಿಯೋಜನೆಯ ಯೋಜನೆಯನ್ನು ನಡೆಸಿತು. ಕೆಲವೇ ವಾರಗಳ ತರಗತಿಗಳು. ಹೆಚ್ಚಾಗಿ ಸ್ವಂತ ಉದ್ಯೋಗ ಹೂಡಿಕೊಳ್ಳುವಂತೆ ಪ್ರೋತ್ಸಾಹ. ಈ ಯೋಜನೆಗೆ ೨೦೦೭ರಲ್ಲಿ ಆದ ಒಂದು ಮಾರ್ಪಾಟು ನಮ್ಮ ಕಥೆಯಲ್ಲೆಲ್ಲ ಮನಸ್ಸಿಗೆ ನಾಟುವಂಥದು. ಕೆಲಸ ಬಿಟ್ಟುಬಂದವನಿಗೆ ತರಬೇತಿಯಲ್ಲಿ ಆಸಕ್ತಿಯಿಲ್ಲದಿದ್ದರೆ, ಅವನ ಬದಲು ಅವನನ್ನು ಆಶ್ರಯಿಸಿದ ಒಬ್ಬರು ಬಂದು ಕಲಿಯಬಹುದು. ಅಪ್ಪನ ಹೆಸರಿನಲ್ಲಿ ಮಗನೋ ಮಗಳೋ ಬೆಂಚಿನ ಮೇಲೆ ಕುಳಿತುಕೊಳ್ಳಬಹುದು. ಇದರಲ್ಲಿ ಕರುಣೆಯಿದೆ, ವಿವೇಕವೂ ಇದೆ. ಆದರೆ ಮರವನ್ನು ಬಗ್ಗಿಸುವ ಪ್ರಯತ್ನವನ್ನು ಕೈಬಿಟ್ಟು ಪಕ್ಕದ ಗಿಡದ ಕಡೆಗೆ ತಿರುಗಿದ್ದೇವೆಂಬ ಒಪ್ಪಿಗೆಯೂ ಇದೆ.

ನಮ್ಮ ನಾಡಿನ ಅನುಭವವೂ ಇದಕ್ಕೆ ಹೊರತಲ್ಲ. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿ ಕಾಲಿಟ್ಟ ಕೋಲಾರದ ಚಿನ್ನದ ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಶಿವನಸಮುದ್ರದಿಂದ ೧೯೦೨ರಲ್ಲಿಯೇ ವಿದ್ಯುತ್ತನ್ನು ಕಂಡ ಊರು ಅದು. ನೆಲದಡಿ ಮೂರು ಕಿಲೋಮೀಟರು ಇಳಿದು ಬಂಡೆ ಕೊರೆಯುವ ವಿದ್ಯೆ ತಲೆಮಾರುಗಳಿಂದ ಬಂದದ್ದು. ಮೇಲೆ ಬಂದರೆ ಆ ವಿದ್ಯೆಗೆ ಕೊಳ್ಳುವವರಿಲ್ಲ. ಊರಿನ ಜನರಿಗೆ ದಾರಿಯಾದದ್ದು ಬೆಂಗಳೂರಿನ ರೈಲು. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂನಿಂದ ಹತ್ತಿ, ಕತ್ತಲಾದ ಮೇಲೆ ಇಳಿಯುವುದು ಎಷ್ಟೋ ಮನೆಗಳ ದಿನಚರಿಯಾಯಿತು.

ಇದೇ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಉದಾಹರಣೆಯೂ ಉಂಟು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಕಟ್ಟಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಯುದ್ಧದ ನಡುವೆ ಅಮೆರಿಕದ ವಾಯುಸೇನೆಗೆ ದುರಸ್ತಿಯ ತಾಣವಾಗಿತ್ತು. ಯುದ್ಧ ಮುಗಿದಾಗ ಆ ಕೆಲಸ ನಿಂತುಹೋಯಿತು. ಕಾರ್ಖಾನೆ ಆಗ ರೈಲ್ವೆ ಬೋಗಿಗಳನ್ನೂ ಬಸ್ಸುಗಳ ಒಡಲನ್ನೂ ಕಟ್ಟತೊಡಗಿತು. ವಿಮಾನದ ತಗಡನ್ನು ಬಗ್ಗಿಸಿದ ಕೈಗಳೇ ಬೋಗಿಯ ತಗಡನ್ನೂ ಬಗ್ಗಿಸಿದವು. ಎಲ್ಲರ ಕೆಲಸವೂ ಉಳಿಯಿತೆಂದು ಇದರ ಅರ್ಥವಲ್ಲ. ಆದರೆ ಬಲ್ಲ ಕೈಗಳಿಗೆ ಅಲ್ಲಿ ಮಾಡಲು ಕೆಲಸವಿತ್ತು.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ೧೯೪೦ರಲ್ಲಿ ಬೆಳೆದ ಮನುಷ್ಯ ತಿಂಗಳುಗಳಲ್ಲಿ ಕಲಿತ. ಅರ್ಧ ಶತಮಾನದ ಮೇಲೆ ಅದೇ ಬಗೆಯ ಮನುಷ್ಯನಿಗೆ ಕಲಿಸಲಾಗದೆಂದು ನಾವೇ ಕೈಚೆಲ್ಲಿದೆವು. ಅವನ ಬುದ್ಧಿ ಮೊಂಡಾಗಿರಲಿಲ್ಲ. ಮೊದಲನೆಯವನಿಗಾಗಿ ತರಗತಿಯ ಆಚೆಯ ಬಾಗಿಲಲ್ಲಿ ಕಾರ್ಖಾನೆಯೊಂದು ಕಾದು ನಿಂತಿತ್ತು. ಎರಡನೆಯವನಿಗಾಗಿ ಯಾರೂ ಕಾದಿರಲಿಲ್ಲ. ಕೆಲಸ ಸಿಗುವುದೆಂಬ ನಂಬಿಕೆಯಿಲ್ಲದೆ ನಲವತ್ತೈದರ ಮನುಷ್ಯ ಪಾಟಿ ಹಿಡಿದು ಕೂರುವುದಿಲ್ಲ. ಕೂರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಅದರಲ್ಲಿ ಮರುಕೌಶಲ್ಯ ನಿಧಿಯೊಂದಿದೆ. ತೆಗೆದುಹಾಕಲ್ಪಟ್ಟ ಪ್ರತಿಯೊಬ್ಬ ಕೆಲಸಗಾರನ ಪರವಾಗಿ ಮಾಲೀಕನು ಕೊನೆಯ ಸಂಬಳದ ಹದಿನೈದು ದಿನದ ಮೊತ್ತವನ್ನು ಅದಕ್ಕೆ ಕಟ್ಟಬೇಕು. ನಲವತ್ತೈದು ದಿನದೊಳಗೆ ಅದು ಕೆಲಸಗಾರನ ಖಾತೆಗೆ ಸೇರಬೇಕು. ಹೆಸರಿನಲ್ಲಿ ಕೌಶಲ್ಯವಿದೆ, ಕೈಗೆ ಬರುವುದು ಮತ್ತೆ ಹಣ. ೧೯೫೩ರ ಕಾಯಿದೆಯಲ್ಲಿಯೂ ಹದಿನೈದು ದಿನದ ಲೆಕ್ಕವೇ ಇತ್ತು, ಪ್ರತಿ ವರ್ಷದ ದುಡಿಮೆಗೆ. ಆ ಪರಿಹಾರ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಅದರ ಮೇಲೆ ಇದು ಒಂದು ಸಲದ ಸೇರ್ಪಡೆ. ಹದಿನೈದು ದಿನದ ಸಂಬಳದಲ್ಲಿ ಯಾವ ಕಸುಬನ್ನು ಕಲಿಯಬಹುದು, ಯಾರು ಕಲಿಸುತ್ತಾರೆ, ಕಲಿತ ಮೇಲೆ ಯಾರು ಕರೆಯುತ್ತಾರೆ ಎಂಬ ಮೂರು ಪ್ರಶ್ನೆಗಳು ಹಾಗೆಯೇ ನಿಂತಿವೆ.

ಗಾದೆ ಸುಳ್ಳೆಂದು ಹೇಳುವಷ್ಟು ಧೈರ್ಯ ನಮಗಿಲ್ಲ. ಆದರೆ ಮರ ಬಗ್ಗಲಿಲ್ಲವೆಂದು ದೂರುವ ಮೊದಲು, ಅದನ್ನು ಬಗ್ಗಿಸಲು ನಾವು ಎಷ್ಟು ದಿನ ಕೈ ಹಾಕಿದೆವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.